ಮುಲುಂಡ್ ಮನೆಯ ಪಾಲು, ಫೋರ್ಟ್ ವಕೀಲರ ಬಿಲ್ಲು

ನಾನು ವಕೀಲನಲ್ಲ. ಮುಂಬೈಯಲ್ಲಿ ಬ್ಯಾಂಕ್ ಕೆಲಸ ಮಾಡಿ ನಿವೃತ್ತನಾದವನು. ಪರಿಚಯದವರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಬ್ಯಾಂಕಿನ ಫಾರಂ, ಹೌಸಿಂಗ್ ಸೊಸೈಟಿಯ ಅರ್ಜಿ ತುಂಬಿಸಲು ನನ್ನನ್ನು ಕರೆಯುತ್ತಾರೆ. ಈ ಕುಟುಂಬವೂ ಹಾಗೇ ಕರೆದಿತ್ತು. ಹೋಗಿ ನೋಡಿದರೆ ಫಾರಂಗಿಂತ ಮೊದಲು ವಕೀಲರ ಬಿಲ್ಲು ಬಿಡಿಸಬೇಕಾಗಿತ್ತು.

ಕುಟುಂಬದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ, ಮೊತ್ತಗಳನ್ನು ಹತ್ತಿರದ ಅಂಕಿಗೆ ತಂದಿದ್ದೇನೆ. ವಕೀಲರ ಕಚೇರಿಯ ಹೆಸರು ಇಲ್ಲಿ ಬೇಕಿಲ್ಲ.

ಹಿನ್ನೆಲೆ

ತಂದೆ ಕುಂದಾಪುರ ಕಡೆಯವರು. ಹುಡುಗನಾಗಿದ್ದಾಗ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ನಿವೃತ್ತರಾದರು. ಜೀವನವಿಡೀ ಲೆಕ್ಕ ಬರೆದವರು ವಿಲ್ ಮಾತ್ರ ಬರೆದಿರಲಿಲ್ಲ. "ಮಕ್ಕಳು ಒಳ್ಳೆಯವರು ಮಾರಾಯ್ರೆ, ಕಾಗದ ಎಂತಕ್ಕೆ?" ಅನ್ನುತ್ತಿದ್ದರಂತೆ. 2022ರಲ್ಲಿ ತೀರಿಕೊಂಡರು.

ಉಳಿದವರು ನಾಲ್ವರು. ಹೆಂಡತಿ, ಪುಣೆಯ ಚಿಂಚ್ವಡದಲ್ಲಿರುವ ಮಗಳು, ತಾಯಿಯ ಜೊತೆ ಮುಲುಂಡ್‌ನಲ್ಲೇ ಇದ್ದು ಕೇಟರಿಂಗ್ ನಡೆಸುವ ದೊಡ್ಡ ಮಗ, ಮಸ್ಕತ್‌ನಲ್ಲಿರುವ ಕಿರಿ ಮಗ. ಮಕ್ಕಳಲ್ಲಿ ಮಗಳೇ ಹಿರಿಯಳು. ವಿಲ್ ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಸ್ವಯಾರ್ಜಿತ ಆಸ್ತಿ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಇವರಿಗೆಲ್ಲ ಸಮಪಾಲು. ಇಲ್ಲಿ ನಾಲ್ಕು ಪಾಲು. ಮಗಳಿಗೆ ಮದುವೆಯಾಗಿದೆ ಅನ್ನುವುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಆಸ್ತಿ ಇದ್ದದ್ದು ಹೀಗೆ. ಮುಲುಂಡ್‌ನಲ್ಲಿ ಸೊಸೈಟಿ ಫ್ಲ್ಯಾಟ್, ಸುಮಾರು ಒಂದೂವರೆ ಕೋಟಿ. ಡೊಂಬಿವಲಿಯಲ್ಲಿ ಹಿಂದೆ ಅಗ್ಗದಲ್ಲಿ ಕೊಂಡಿದ್ದ ಸಣ್ಣ ಫ್ಲ್ಯಾಟ್, 40 ಲಕ್ಷ. ಎರಡೂ ತಂದೆಯೊಬ್ಬರ ಹೆಸರಲ್ಲಿ. ಬ್ಯಾಂಕಿನಲ್ಲಿ ಫಿಕ್ಸೆಡ್ ಡಿಪಾಸಿಟ್ 22 ಲಕ್ಷ, ನಾಮಿನಿ ಹೆಂಡತಿ. ಇನ್ನೊಂದು ಬ್ಯಾಂಕಿನ ಉಳಿತಾಯ ಖಾತೆಯಲ್ಲಿ 4 ಲಕ್ಷ, ನಾಮಿನಿ ಇಲ್ಲ. ಡಿಮ್ಯಾಟ್ ಖಾತೆಯಲ್ಲಿ, ಅಂದರೆ ಕಂಪ್ಯೂಟರ್ ದಾಖಲೆಯ ರೂಪದಲ್ಲಿ, 9 ಲಕ್ಷದ ಷೇರು, ಅದಕ್ಕೂ ನಾಮಿನಿ ಇಲ್ಲ. ಒಟ್ಟು ಎರಡು ಕಾಲು ಕೋಟಿ. ಇದರ ಜೊತೆಗೆ ಕಪಾಟಿನಲ್ಲಿ ಒಂದು ಕಟ್ಟು ಹಳೇ ಕಾಗದದ ಷೇರುಗಳು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೂರು ಪರ್ಸೆಂಟ್

ವರ್ಷಾಂತಿಕ ಮುಗಿದ ಮೇಲೆ ದೊಡ್ಡ ಮಗ ಗೆಳೆಯರೊಬ್ಬರ ಮಾತು ಕೇಳಿ ಮುಂಬೈಯ ಫೋರ್ಟ್ ಪ್ರದೇಶದ ಒಂದು ಸಾಲಿಸಿಟರ್ ಕಚೇರಿಗೆ ಹೋದ. "ಅಪ್ಪನದ್ದೆಲ್ಲ ನಮ್ಮ ಹೆಸರಿಗೆ ಮಾಡಿಸಿಕೊಡಿ" ಅಂದ. ಅವರು ಆಸ್ತಿಯ ಪಟ್ಟಿ ಕೇಳಿದರು, ಕೊಟ್ಟ. ನಂತರ ಎರಡು ಪುಟದ ಪತ್ರ ಬಂತು.

ಪತ್ರದ ಸಾರ ಇಷ್ಟು. ಮುಂಬೈ ಹೈಕೋರ್ಟಿನಿಂದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ಪಡೆಯಬೇಕು. ಅಂದರೆ, ವಿಲ್ ಇಲ್ಲದೆ ತೀರಿಕೊಂಡವರ ಆಸ್ತಿಯನ್ನು ನೋಡಿಕೊಂಡು ಹಂಚಲು ಕೋರ್ಟ್ ಒಬ್ಬರಿಗೆ ಅಧಿಕಾರ ಕೊಡುವ ಆದೇಶ. ಅರ್ಜಿದಾರ ದೊಡ್ಡ ಮಗ. ಫೀ, ಆಸ್ತಿಯ ಮಾರುಕಟ್ಟೆ ಬೆಲೆಯ 3 ಪರ್ಸೆಂಟ್. ಅದರಲ್ಲಿ ಒಂದೂವರೆ ಲಕ್ಷ ಈಗಲೇ, ಉಳಿದದ್ದು ಆಸ್ತಿ ಕೈಗೆ ಬಂದ ಮೇಲೆ. ಕೋರ್ಟ್ ಫೀ 75,000 ಬೇರೆ. ಮಹಾರಾಷ್ಟ್ರದಲ್ಲಿ ಇಂಥ ಅರ್ಜಿಗೆ ಆಗ ಅದೇ ಗರಿಷ್ಠ ಮಿತಿ, ಹಾಗಾಗಿ ಆ ಅಂಕಿ ಸರಿಯೇ. ಕೌನ್ಸೆಲ್ ಫೀ, ಕೈಖರ್ಚು, ಜಿಎಸ್‌ಟಿ "ಹೆಚ್ಚುವರಿ".

ಎರಡು ಕಾಲು ಕೋಟಿಗೆ 3 ಪರ್ಸೆಂಟ್ ಅಂದರೆ ಆರು ಮುಕ್ಕಾಲು ಲಕ್ಷ. ಮೂರು ಅನ್ನುವ ಅಂಕಿ ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ದೊಡ್ಡ ಮಗನಿಗೂ ಹಾಗೇ ಕಂಡಿತು. ಸಹಿ ಹಾಕಿ ಒಂದೂವರೆ ಲಕ್ಷ ಕಟ್ಟಿ ಬಂದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಅಕ್ಕನಿಗೆ, ತಮ್ಮನಿಗೆ ವಾಟ್ಸಾಪ್‌ನಲ್ಲಿ "ವಕೀಲರನ್ನು ಇಟ್ಟಾಯ್ತು, ಖರ್ಚು ನಾಲ್ಕು ಪಾಲು" ಅಂತ ಒಂದು ಸಾಲು ಹಾಕಿದ.

ಮುಂಬೈಯ ಸಾಲಿಸಿಟರ್ ಪದ್ಧತಿಯ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಈ ಬಿಲ್ಲು ಅರ್ಥವಾಗುವುದಿಲ್ಲ. ಹೈಕೋರ್ಟಿನ ಮೂಲ ವಿಭಾಗದಲ್ಲಿ ಬ್ರಿಟಿಷರ ಕಾಲದಿಂದ ಎರಡು ಥರದ ವಕೀಲರಿದ್ದರು. ಕಕ್ಷಿದಾರನನ್ನು ಭೇಟಿಯಾಗಿ ಕಾಗದಪತ್ರ ತಯಾರಿಸುವವರು ಒಬ್ಬರು, ಕೋರ್ಟಿನಲ್ಲಿ ನಿಂತು ವಾದಿಸುವ ಕೌನ್ಸೆಲ್ ಇನ್ನೊಬ್ಬರು. ಅಡ್ವೊಕೇಟ್ಸ್ ಕಾಯ್ದೆಯ 1976ರ ತಿದ್ದುಪಡಿಯ ನಂತರ ಕಾನೂನಿನ ಕಣ್ಣಿಗೆ ಎಲ್ಲರೂ ಅಡ್ವೊಕೇಟ್‌ಗಳೇ. ಆದರೂ ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿ ಸಾಲಿಸಿಟರ್ ಪರೀಕ್ಷೆ ನಡೆಸುವುದನ್ನು ಬಿಟ್ಟಿಲ್ಲ, ಕೆಲಸ ಹಂಚಿಕೊಳ್ಳುವ ರೂಢಿಯೂ ಹೋಗಿಲ್ಲ. ಹಾಗಾಗಿ ಸಾಲಿಸಿಟರ್ ಕಚೇರಿಗೆ ಹೋದರೆ ಒಂದೇ ಕೆಲಸಕ್ಕೆ ಎರಡು ಕಡೆಯ ಫೀ ಬೀಳಬಹುದು. ತಪ್ಪೇನಿಲ್ಲ, ಮೊದಲೇ ಗೊತ್ತಿದ್ದರೆ ಸಾಕು.

ಅಕ್ಕ ಸಹಿ ಹಾಕಲಿಲ್ಲ

ಕೆಲವು ತಿಂಗಳ ನಂತರ ಕಚೇರಿಯಿಂದ ಮಗಳಿಗೆ ಒಂದು ಕರಡು ಬಂತು. ಅದು ಕನ್ಸೆಂಟ್ ಅಫಿಡವಿಟ್. ತಂದೆಯ ಆಸ್ತಿಗೆ ತಮ್ಮನನ್ನು ಅಡ್ಮಿನಿಸ್ಟ್ರೇಟರ್ ಮಾಡಲು ತನ್ನ ತಕರಾರಿಲ್ಲ ಎಂಬ ಹೇಳಿಕೆ. ನೋಟರಿ ಮಾಡಿಸಿ ಕಳಿಸಿ ಅಂತ ಒಂದು ಸಾಲಿನ ಇಮೇಲ್.

ಈ ಅಫಿಡವಿಟ್‌ಗೆ ಸಹಿ ಹಾಕಿದರೆ ಪಾಲು ಹೋಗುವುದಿಲ್ಲ. ಆಸ್ತಿ ನೋಡಿಕೊಳ್ಳುವ ಅಧಿಕಾರ ಒಬ್ಬರಿಗೆ ಸಿಗುತ್ತದೆ, ಹಂಚುವಾಗ ನಾಲ್ಕು ಪಾಲು ನಾಲ್ಕೇ. ಆದರೆ ಅದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಇಂಗ್ಲಿಷ್ ಕರಡಿನಲ್ಲಿ ತಮ್ಮನ ಹೆಸರು ಮಾತ್ರ ಎದ್ದು ಕಾಣುತ್ತಿತ್ತು. ಆಕೆ ಕಚೇರಿಗೆ ಫೋನ್ ಮಾಡಿ ಕೇಳಿದರೆ ಜೂನಿಯರ್ ಒಬ್ಬರು "ನಮ್ಮ ಕಕ್ಷಿದಾರರನ್ನೇ ಕೇಳಿ ಮೇಡಂ" ಅಂದರು.

ಅಲ್ಲಿಂದ ಹಾದಿ ತಿರುಗಿತು. ಒಂದು ಭಾನುವಾರ ಮುಲುಂಡ್ ಮನೆಯಲ್ಲಿ ಎಲ್ಲರೂ ಕೂತರು, ಕಿರಿಯವನು ಫೋನಿನಲ್ಲಿದ್ದ. ನನ್ನನ್ನೂ ಕರೆದಿದ್ದರು.

"ಅಕ್ಕ, ನೀನೊಂದು ಸಹಿ ಹಾಕಿದ್ರೆ ಮುಗೀತು" ಅಂದ ತಮ್ಮ.

"ಮುಗಿಯುವುದು ಎಂತ? ನಿನ್ನ ವಕೀಲರು ನನಗೂ ವಕೀಲರಾ? ಕೇಳಿದ್ರೆ ನಿನ್ನನ್ನೇ ಕೇಳು ಅಂತಾರೆ. ಫೀ ಮಾತ್ರ ನಾನು ಕೊಡಬೇಕಾ?"

ತಾಯಿ ನಡುವೆ ಏನೋ ಹೇಳಲು ಹೋದರು, ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಮಗಳು ಕೆವಿಯೆಟ್ ಹಾಕುವ, ಅಂದರೆ ತನ್ನ ಮಾತು ಕೇಳದೆ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಮೊದಲೇ ತಿಳಿಸುವ, ಮಾತೆತ್ತಿದಳು. ಯಾರೋ ಹೇಳಿಕೊಟ್ಟಿದ್ದರು. ಇಲ್ಲಿ ಬೆಲೆ ಎಷ್ಟಾಗುತ್ತದೆ ಅನ್ನುವುದು ಜನಕ್ಕೆ ಗೊತ್ತಿಲ್ಲ. ವಾರಸುದಾರರಲ್ಲಿ ಒಬ್ಬರು ಕೆವಿಯೆಟ್ ಹಾಕಿ ತಕರಾರು ಸಲ್ಲಿಸಿದರೆ, ಸರಳವಾಗಿದ್ದ ಅರ್ಜಿ ದಾವೆಯಾಗಿ ಬದಲಾಗುತ್ತದೆ. ಸಾಕ್ಷಿ, ಪಾಟಿಸವಾಲು, ವರ್ಷಗಟ್ಟಲೆ ತಾರೀಕು. ಆಗ ಎರಡೂ ಕಡೆಯವರಿಗೆ ಬೇರೆ ಬೇರೆ ವಕೀಲರು. ಫೀ ಪತ್ರದಲ್ಲಿದ್ದ ಆರು ಮುಕ್ಕಾಲು ಲಕ್ಷ ತಕರಾರಿಲ್ಲದ ಅರ್ಜಿಯದ್ದೋ, ದಾವೆಯದ್ದೂ ಸೇರಿಯೋ? ಪತ್ರ ಮತ್ತೆ ಓದಿದೆವು. ಆ ಬಗ್ಗೆ ಒಂದಕ್ಷರ ಇರಲಿಲ್ಲ.

ನನ್ನ ಅಭಿಪ್ರಾಯ ಕೇಳುವುದಾದರೆ, ಅಕ್ಕನ ಪ್ರಶ್ನೆ ಸರಿಯಿತ್ತು. ವಕಾಲತ್ತಿಗೆ ಸಹಿ ಹಾಕಿದವರ ವಕೀಲರು ಅವರು. "ಫ್ಯಾಮಿಲಿ ವಕೀಲರು" ಅಂತ ನಾವು ಸುಮ್ನೆ ಹೇಳುತ್ತೇವೆ, ಆದರೆ ಒಡಹುಟ್ಟಿದವರ ಹಿತ ಬೇರೆ ಬೇರೆಯಾದ ಕ್ಷಣ ಅವರು ಒಬ್ಬರ ಕಡೆ ನಿಲ್ಲಲೇಬೇಕು. ಜೂನಿಯರ್ ಕೊಟ್ಟ ಉತ್ತರ ಒರಟಾಗಿತ್ತು, ತಪ್ಪಾಗಿರಲಿಲ್ಲ.

ಆ ದಿನ ಆದ ಒಂದೇ ತೀರ್ಮಾನ, ಮುಂದಿನ ಹೆಜ್ಜೆಗೆ ಮೊದಲು ಬಿಲ್ಲು ತರಿಸಿ ನೋಡುವುದು.

ಬಿಲ್ಲು

ಬಿಲ್ಲು ಊಟದ ಮೇಜಿನ ಮೇಲೆ ಹರಡಿಕೊಂಡಿತ್ತು. ದಪ್ಪ ಕಾಗದ, ಮೇಲೆ ಉಬ್ಬು ಅಚ್ಚು. ಸಾಲುಗಳು ಹೀಗಿದ್ದವು: ಕಾಗದಪತ್ರ ಪರಿಶೀಲನೆ 40,000. ಕಕ್ಷಿದಾರರೊಂದಿಗೆ ನಾಲ್ಕು ಕಾನ್ಫರೆನ್ಸ್, 60,000. ಅರ್ಜಿಯ ಕರಡು 1,00,000. ಮಸ್ಕತ್ ಮಗನ ಪವರ್ ಆಫ್ ಅಟಾರ್ನಿಯ ಕರಡು 20,000. ಕೌನ್ಸೆಲ್ ಫೀ 2,000 ಜಿ.ಎಂ. ಇತರೆ 18,500. ಒಟ್ಟು 2,68,500. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 48,330. ಕೊಟ್ಟ ಮುಂಗಡ ಕಳೆದು ಬಾಕಿ 1,66,830. ಅರ್ಜಿ ಇನ್ನೂ ಕೋರ್ಟಿಗೆ ಹೋಗಿರಲಿಲ್ಲ.

ಫೋಟೊ ನೋಡಿದ ಕಿರಿ ಮಗ ಜಿ.ಎಂ. ಅನ್ನುವುದನ್ನು ಗ್ರಾಂ ಅಂತ ಓದಿ "ಎರಡು ಕಿಲೋ ಎಂತದ್ದು?" ಅಂತ ಕೇಳಿದ. ಅದು ಗೋಲ್ಡ್ ಮೊಹರ್, ಮುಂಬೈ ಕೌನ್ಸೆಲ್‌ಗಳ ಹಳೇ ರೂಢಿಯ ಲೆಕ್ಕ. ಇಲ್ಲಿ ಒಂದು ಜಿ.ಎಂ. ಅಂದರೆ 15 ರೂಪಾಯಿ. ಹಾಗಾಗಿ 30,000. ಆ ಮಧ್ಯಾಹ್ನ ಅಷ್ಟಕ್ಕಾದರೂ ಎಲ್ಲರೂ ನಕ್ಕರು.

ಒಂದೊಂದೇ ಸಾಲು ಹಿಡಿದು ನೋಡಿದೆವು. ಮೊದಲ ಪ್ರಶ್ನೆ, ಈ ಸಾಲುಗಳು 3 ಪರ್ಸೆಂಟ್‌ನ ಒಳಗೋ, ಹೊರಗೋ? ಕಚೇರಿಯ ಉತ್ತರ: ಅರ್ಜಿಯ ಕರಡು ಒಳಗೆ, ಕಾನ್ಫರೆನ್ಸ್ ಮತ್ತು ಕೌನ್ಸೆಲ್ ಹೊರಗೆ. ಪತ್ರದಲ್ಲಿ ಹಾಗೆ ಬರೆದಿರಲಿಲ್ಲ. ಎರಡನೆಯದು, ನಾಲ್ಕು ಕಾನ್ಫರೆನ್ಸ್ ಯಾವುವು? ದೊಡ್ಡ ಮಗ ತಲೆ ಕೆರೆದುಕೊಂಡ. ಎರಡು ಸಲ ಕಚೇರಿಗೆ ಹೋದದ್ದು ನಿಜ. ಉಳಿದ ಎರಡು, "ಕೆಲಸ ಎಲ್ಲಿಗೆ ಬಂತು" ಅಂತ ಕೇಳಲು ಮಾಡಿದ ಫೋನು. ಒಂದೊಂದಕ್ಕೆ 15,000.

ಮೂರನೆಯದು ಜಿಎಸ್‌ಟಿ. ಇಲ್ಲಿ ತುಂಬ ಜನ ಸುಮ್ಮನೆ ಕೊಟ್ಟುಬಿಡುತ್ತಾರೆ. ವ್ಯಾಪಾರ ಸಂಸ್ಥೆಯಲ್ಲದ ಸಾಮಾನ್ಯ ವ್ಯಕ್ತಿಗೆ ಅಡ್ವೊಕೇಟ್ ಅಥವಾ ಅಡ್ವೊಕೇಟ್‌ಗಳ ಸಂಸ್ಥೆ ಕೊಡುವ ಕಾನೂನು ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ತಂದೆಯ ಆಸ್ತಿಗಾಗಿ ಹೋದ ಮಗ ಅಲ್ಲಿ ಕೇಟರಿಂಗ್ ಮಾಲೀಕನಾಗಿ ಹೋಗಿರಲಿಲ್ಲ. ಆದರೆ ಮುಂಗಡ ಕಟ್ಟಿದ ಚೆಕ್ ಮಾತ್ರ ಅವನ ಅಂಗಡಿ ಖಾತೆಯದು. ಕಚೇರಿಯ ಅಕೌಂಟ್ಸ್‌ನವರು ಆ ಹೆಸರು ನೋಡಿ ಬಿಲ್ಲು ಮಾಡಿರಬೇಕು. ಪತ್ರ ಬರೆದ ಕೂಡಲೇ ಆ ಸಾಲು ಹೋಯಿತು.

ಪರ್ಸೆಂಟ್ ಫೀ ವಿಷಯಕ್ಕೆ ಬರೋಣ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ವೃತ್ತಿ ನಿಯಮಗಳಲ್ಲಿ 20ನೆಯದು, ಮೊಕದ್ದಮೆಯ ಫಲಿತಾಂಶದ ಮೇಲೆ ನಿಂತ ಫೀಯನ್ನು, ಬಂದದ್ದರಲ್ಲಿ ಪಾಲು ಪಡೆಯುವುದನ್ನು ವಕೀಲರಿಗೆ ನಿಷೇಧಿಸುತ್ತದೆ. 2017ರ ಡಿಸೆಂಬರ್‌ನಲ್ಲಿ ಬಿ. ಸುನೀತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಪರಿಹಾರದ ಮೊತ್ತದಲ್ಲಿ ಪರ್ಸೆಂಟ್ ಕೇಳಿದ್ದ ಪ್ರಕರಣ ಅದು. ಬರೀ ಲೆಕ್ಕ ಹಾಕಲು ಆಸ್ತಿಯ ಬೆಲೆ ಹಿಡಿದರೆ ಅದೂ ಈ ನಿಷೇಧಕ್ಕೆ ಬರುತ್ತದಾ ಅಂತ ವಾದ ಮಾಡಬಹುದು. ಆದರೆ ನಮ್ಮ ಪತ್ರದಲ್ಲಿ "ಉಳಿದದ್ದು ಆಸ್ತಿ ಕೈಗೆ ಬಂದ ಮೇಲೆ" ಅಂತಿತ್ತು. ಆ ಸಾಲು ಗೆರೆಯ ತೀರಾ ಹತ್ತಿರ ಹೋಗುತ್ತದೆ.

ಕಿರಿ ಮಗ ಗ್ರಾಹಕ ಕೋರ್ಟಿಗೆ ಹೋಗೋಣ ಅಂದ. ಯಾರೂ ಹೋಗಲಿಲ್ಲ, ಒಳ್ಳೆಯದೇ ಆಯಿತು. 2024ರ ಮೇ 14ರಂದು ಸುಪ್ರೀಂ ಕೋರ್ಟ್, ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯಡಿ ಬರುವುದಿಲ್ಲ ಅಂತ ತೀರ್ಪು ಕೊಟ್ಟಿತು. ವಕೀಲರ ನಡತೆಯ ಬಗ್ಗೆ ದೂರು ಕೊಡಲು ಇರುವ ಜಾಗ ರಾಜ್ಯದ ಬಾರ್ ಕೌನ್ಸಿಲ್. ಇಲ್ಲಿಗೆ ಅದು ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲ್.

ಯಾವುದಕ್ಕೆ ಯಾವ ಕಾಗದ?

ಈ ಹೊತ್ತಿಗೆ ತಾಯಿ ಒಂದು ಮಾತು ಕೇಳಿದರು. "ಬ್ಯಾಂಕಿನ ದುಡ್ಡಿಗೆ ನನ್ನ ಹೆಸರು ಉಂಟಲ್ಲ, ಅದಕ್ಕೂ ಕೋರ್ಟ್ ಬೇಕಾ?"

ಬೇಡ. ಬೇಡವೇ ಬೇಡ. 22 ಲಕ್ಷದ ಡಿಪಾಸಿಟ್‌ಗೆ ಮರಣ ಪ್ರಮಾಣಪತ್ರ, ಕ್ಲೇಮ್ ಫಾರಂ, ತಾಯಿಯ ಗುರುತಿನ ಚೀಟಿ ಸಾಕು. ನಾನೇ ಶಾಖೆಗೆ ಕರೆದುಕೊಂಡು ಹೋದೆ. ಕೌಂಟರಿನ ಹುಡುಗಿ ರಸೀದಿಗಳ ಹಿಂಬದಿಗೆ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ, ತಾಯಿಯ ಕೈಯಲ್ಲಿ ಅದರ ಮೇಲೆ ಅಡ್ಡಲಾಗಿ ಸಹಿ ಹಾಕಿಸಿಕೊಂಡಳು. ಕನ್ನಡದ ಸಹಿ, ನಿಧಾನಕ್ಕೆ, ಅಕ್ಷರ ಅಕ್ಷರ ಬಿಡಿಸಿ. ಈ 22 ಲಕ್ಷಕ್ಕೂ 3 ಪರ್ಸೆಂಟ್ ಲೆಕ್ಕ ಹಾಕಿದ್ದರು. ಅಂದರೆ 66,000.

ಆಗಲೇ ನಾನು ಒಂದು ಹಾಳೆ ತೆಗೆದುಕೊಂಡು ಆಸ್ತಿಯ ಪಟ್ಟಿಯನ್ನು ಬೇರೆ ಥರ ಬರೆದೆ. ಒಂದೊಂದರ ಎದುರು ಅದಕ್ಕೆ ಬೇಕಾದ ಕಾಗದ. ನಾಮಿನಿ ಇಲ್ಲದ 4 ಲಕ್ಷದ ಖಾತೆಗೆ ಆ ಬ್ಯಾಂಕಿನ ಮಿತಿಯೊಳಗೆ ಅಫಿಡವಿಟ್, ಇಂಡೆಮ್ನಿಟಿ ಬಾಂಡ್ (ಮುಂದೆ ಬ್ಯಾಂಕಿಗೆ ನಷ್ಟವಾದರೆ ತುಂಬಿಕೊಡುತ್ತೇವೆ ಅನ್ನುವ ಮುಚ್ಚಳಿಕೆ), ಉಳಿದವರ ಒಪ್ಪಿಗೆ ಸಾಕಾಯಿತು. ಆಗ ಒಂದೊಂದು ಬ್ಯಾಂಕಿಗೆ ಒಂದೊಂದು ಮಿತಿಯಿತ್ತು. 2025ರಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿರ್ದೇಶನ ಹೊರಡಿಸಿ, ವಾಣಿಜ್ಯ ಬ್ಯಾಂಕುಗಳಿಗೆ ಈ ಸರಳ ದಾರಿಯ ಮಿತಿ ಕನಿಷ್ಠ 15 ಲಕ್ಷ ಇರಬೇಕು ಅಂದಿದೆ. ಡಿಮ್ಯಾಟ್ ಷೇರಿಗೂ ಅಷ್ಟೇ. 2022ರಲ್ಲೇ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಮಿತಿ ಏರಿಸಿತ್ತು. ನಾಮಿನಿ ಇಲ್ಲದಿದ್ದರೂ 15 ಲಕ್ಷದವರೆಗೆ ಸಕ್ಸೆಷನ್ ಸರ್ಟಿಫಿಕೇಟ್ (ವಾರಸುದಾರರು ಯಾರು ಅಂತ ಕೋರ್ಟ್ ಕೊಡುವ ಪತ್ರ) ಇಲ್ಲದೆ ವರ್ಗಾವಣೆ ಆಗುತ್ತದೆ.

ಉಳಿದದ್ದು ಎರಡು ಫ್ಲ್ಯಾಟ್. ಸೊಸೈಟಿಯಲ್ಲಿ ಮುಲುಂಡ್ ಫ್ಲ್ಯಾಟಿಗೆ ನಾಮಿನಿ ದೊಡ್ಡ ಮಗ. ನಾಮಿನಿ ಆದರೆ ಮಾಲೀಕ ಅಂತ ಅವನೂ ನಂಬಿದ್ದ, ಅಕ್ಕನೂ ಹೆದರಿದ್ದಳು. ಹಾಗಲ್ಲ. ಮಹಾರಾಷ್ಟ್ರದ ಸಹಕಾರ ಕಾಯ್ದೆಯಲ್ಲಿ ನಾಮಿನಿ ತಾತ್ಕಾಲಿಕ ಸದಸ್ಯ ಮಾತ್ರ, ವಾರಸುದಾರರು ತೀರ್ಮಾನವಾಗುವ ತನಕ. ನಾಮಿನಿಯಿಂದ ವಾರಸುದಾರರ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಕಂಪನಿ ಷೇರುಗಳ ಪ್ರಕರಣವೊಂದರಲ್ಲೂ ಹೇಳಿದೆ.

ವಾರಸುದಾರರೆಲ್ಲ ಒಪ್ಪಿದರೆ ಫ್ಲ್ಯಾಟಿಗೆ ಕೋರ್ಟಿನ ಹೊರಗೆ ಒಂದು ದಾರಿ ಇದೆ. ರಿಲೀಸ್ ಡೀಡ್, ಮರಾಠಿಯಲ್ಲಿ ಹಕ್ಕಸೋಡ್ ಪತ್ರ. ತನ್ನ ಪಾಲಿನ ಹಕ್ಕನ್ನು ಇನ್ನುಳಿದ ಪಾಲುದಾರರಿಗೆ ಬಿಟ್ಟುಕೊಟ್ಟು ನೋಂದಣಿ ಮಾಡಿಸುವ ಪತ್ರ. ಹತ್ತಿರದ ಸಂಬಂಧಿಗಳ ನಡುವೆ ಹಣ ಪಡೆಯದೆ ಆದರೆ ಸ್ಟ್ಯಾಂಪ್ ಡ್ಯೂಟಿ ಆಗ 200 ರೂಪಾಯಿ. ಆಮೇಲೆ ಇಂಥ ಸಣ್ಣ ದರಗಳು ಏರಿವೆ, ಈಗಿನದ್ದು ವಿಚಾರಿಸಿಕೊಳ್ಳಿ.

ಮೊದಲ ಕಚೇರಿ ಈ ದಾರಿಯನ್ನು ಏಕೆ ಹೇಳಲಿಲ್ಲ? ಮೋಸ ಅಂತ ನಾನು ಹೇಳಲಾರೆ. ಕೋರ್ಟಿನ ಆದೇಶ ಗಟ್ಟಿ ಕಾಗದ. ಮುಂದೆ ಫ್ಲ್ಯಾಟ್ ಮಾರುವಾಗ ಕೊಳ್ಳುವವರ ಬ್ಯಾಂಕು ತಕರಾರು ಎತ್ತುವುದಿಲ್ಲ. ವಾರಸುದಾರರಲ್ಲಿ ಒಬ್ಬರು ಒಪ್ಪದಿದ್ದರೆ, ಎಲ್ಲಿದ್ದಾರೆಂದೇ ಗೊತ್ತಿಲ್ಲದಿದ್ದರೆ ಅದೇ ದಾರಿ. ಆದರೆ ದೊಡ್ಡ ಮಗ "ಎಲ್ಲ ಮಾಡಿಸಿಕೊಡಿ" ಅಂದಿದ್ದ, ಅವರು ಎಲ್ಲದಕ್ಕೂ ಸೇರಿಸಿ ಒಂದು ಬೆಲೆ ಹೇಳಿದ್ದರು. ಬೇರೆ ದಾರಿ ಉಂಟಾ ಅಂತ ಅವನು ಕೇಳಿರಲಿಲ್ಲ.

ಬಿಟ್ಟುಕೊಡುವುದು ಯಾರಿಗೆ?

ದಾರಿ ಸಿಕ್ಕಿತು ಅಂದುಕೊಂಡೆವು. ಮಕ್ಕಳು ಮೂವರೂ ಎರಡೂ ಫ್ಲ್ಯಾಟನ್ನು ತಾಯಿಗೆ ಬಿಟ್ಟುಕೊಡುವುದು ಅಂತ ಮಾತಾಯಿತು. ಕೇಳಲು ಚಂದ. ಎರಡು ದಿನ ಬಿಟ್ಟು ಮಗಳು ಮತ್ತೆ ಬೇಡ ಅಂದಳು.

ಆಕೆಯ ಕಾರಣ ಹೀಗಿತ್ತು. ಅಫಿಡವಿಟ್‌ನಲ್ಲಿ ಪಾಲು ಹೋಗುವುದಿಲ್ಲ ಅಂತ ಈಗ ಗೊತ್ತಾಗಿದೆ. ರಿಲೀಸ್ ಡೀಡ್‌ನಲ್ಲಿ ನಿಜಕ್ಕೂ ಹೋಗುತ್ತದೆ. ತಾಯಿ ತಮ್ಮನ ಮನೆಯಲ್ಲಿ ಇರುವವರು. ನಾಳೆ ಅವನ ಹೆಸರಿಗೆ ಗಿಫ್ಟ್ ಮಾಡಿದರೆ? "ಅಮ್ಮನ ಮೇಲೆ ಸಂಶಯವಾ?" ಅಂತ ತಮ್ಮ ಸಿಟ್ಟಾದ. "ಅಮ್ಮನ ಮೇಲಲ್ಲ ಮಾರಾಯಾ, ನಾಳೆಯ ಮೇಲೆ" ಅಂದಳು ಅಕ್ಕ.

ಈ ಸಲ ಆಕೆ ಜಗಳಕ್ಕೆ ನಿಲ್ಲದೆ ಪುಣೆಯಲ್ಲೇ ಒಬ್ಬ ವಕೀಲರ ಹತ್ತಿರ ಹೋದಳು. ಒಂದು ಗಂಟೆಯ ಸಲಹೆಗೆ 3,000. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ದುಡ್ಡು ಅದು. ದುಡ್ಡಿಲ್ಲದಿದ್ದರೂ ನಡೆಯುತ್ತಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ. ನಮ್ಮವರು ಅದು ಬಡವರಿಗೆ ಅಂದುಕೊಂಡು ಹೋಗುವುದೇ ಇಲ್ಲ.

ಆ ವಕೀಲರು ಆಕೆಗೆ ಹೇಳಿದ್ದು, ಬಿಟ್ಟುಕೊಡುವುದು ಎರಡು ಕಡೆಯಿಂದಲೂ ಇರಲಿ. ಲೆಕ್ಕ ಹಾಕಿದರೆ ಎರಡು ಫ್ಲ್ಯಾಟ್ ಸೇರಿ 190 ಲಕ್ಷದಲ್ಲಿ ಆಕೆಯ ಪಾಲು 47 ಲಕ್ಷ ಚಿಲ್ಲರೆ. ಡೊಂಬಿವಲಿ ಫ್ಲ್ಯಾಟ್ 40 ಲಕ್ಷ, ಡಿಮ್ಯಾಟ್ ಷೇರು 9 ಲಕ್ಷ. ಹೆಚ್ಚುಕಡಿಮೆ ಸರಿಹೋಯಿತು. ಡೊಂಬಿವಲಿಯನ್ನು ತಾಯಿ, ಇಬ್ಬರು ಗಂಡು ಮಕ್ಕಳು ಮಗಳಿಗೆ ಬಿಡುವುದು. ಮುಲುಂಡ್ ಪಾಲನ್ನು ಮಗಳು ಆ ಮೂವರಿಗೆ ಬಿಡುವುದು. ಷೇರು ಮಗಳಿಗೆ. ಬ್ಯಾಂಕಿನ ದುಡ್ಡೆಲ್ಲ ತಾಯಿಯ ಖರ್ಚಿಗೆ, ಅದನ್ನು ಯಾರೂ ಕೇಳುವುದಿಲ್ಲ. ನಾಮಿನಿಗೆ ಬಂದ ದುಡ್ಡಿನಲ್ಲೂ ಕಾನೂನಿನಂತೆ ಎಲ್ಲರ ಪಾಲಿದೆ, ಹಾಗಾಗಿ ಈ ಮಾತನ್ನೂ ಬರೆದಿಟ್ಟುಕೊಂಡರು.

ದೊಡ್ಡ ಮಗ ಮೊದಲು ಅಕ್ಕನಿಗೆ ಹಣ ಕೊಟ್ಟು ಪಾಲು ಬಿಡಿಸಿಕೊಳ್ಳುವ ಯೋಚನೆಯಲ್ಲಿದ್ದ. ಹಣ ಕೈ ಬದಲಾಯಿಸಿದರೆ ಸ್ಟ್ಯಾಂಪ್ ಡ್ಯೂಟಿಯ ಲೆಕ್ಕವೇ ಬೇರೆಯಾಗಬಹುದು ಅಂತ ಗೊತ್ತಾಗಿ ಬಿಟ್ಟ.

ಮೊದಲ ಕಚೇರಿಯಿಂದ ಹೊರಬಂದದ್ದು

ಕೆಲಸ ನಿಲ್ಲಿಸುತ್ತೇವೆ ಅಂದಾಗ ಕಚೇರಿ "ಬಾಕಿ ಕಟ್ಟಿ, ಫೈಲ್ ತೆಗೆದುಕೊಂಡು ಹೋಗಿ" ಅಂದಿತು. ಫೈಲಿನಲ್ಲಿ ಎರಡೂ ಫ್ಲ್ಯಾಟಿನ ಮೂಲ ಅಗ್ರಿಮೆಂಟ್, ಸೊಸೈಟಿ ಷೇರ್ ಸರ್ಟಿಫಿಕೇಟ್ ಇದ್ದವು. ಅವಿಲ್ಲದೆ ಮುಂದೆ ಒಂದು ಹೆಜ್ಜೆ ಇಡುವ ಹಾಗಿಲ್ಲ.

ಬಾಕಿ ಫೀಗಾಗಿ ಕಕ್ಷಿದಾರನ ಕಾಗದಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ. ದೊಡ್ಡ ಮಗ ಮರ್ಯಾದೆಯಿಂದ ಒಂದು ಪತ್ರ ಬರೆದ. ಕಾಗದ ವಾಪಸ್ ಕೊಡಿ, ಬಿಲ್ಲಿನ ಬಗ್ಗೆ ಕೂತು ಮಾತಾಡೋಣ ಅಂತ. ಆ ತೀರ್ಪಿನ ಹೆಸರು ಒಂದು ಸಾಲಿನಲ್ಲಿ. ಬೆದರಿಕೆಯ ಧಾಟಿ ಬೇಡ ಅಂತ ನಾನೇ ಹೇಳಿದ್ದೆ. ಕಾಗದಗಳು ಬಂದವು.

ಆಮೇಲೆ ಬಿಲ್ಲು. ಜಿಎಸ್‌ಟಿ ಹೋಯಿತು. ಎರಡು ಫೋನಿನ 30,000 ಹೋಯಿತು. "ಇತರೆ 18,500"ಕ್ಕೆ ರಸೀದಿ ಕೇಳಿದಾಗ 4,500ಕ್ಕೆ ಸಿಕ್ಕಿತು. ಸಲ್ಲಿಸದ ಅರ್ಜಿಯ ಕರಡಿಗೆ ಅರ್ಧ ಒಪ್ಪಿದರು. ಹಾಗೆ ಲೆಕ್ಕ ಹಾಕಿದರೂ 1,74,500 ಆಗುತ್ತಿತ್ತು. ಹಿರಿಯ ಪಾಲುದಾರರು ಕೊನೆಗೆ, ಕೊಟ್ಟ ಒಂದೂವರೆ ಲಕ್ಷಕ್ಕೇ ಮುಗಿಸೋಣ ಅಂದರು. ಕಿರಿ ಮಗನಿಗೆ ಹಣ ವಾಪಸ್ ಬರಬೇಕಿತ್ತು ಅಂತ ಈಗಲೂ ಬೇಸರ. ನನಗೆ ಹಾಗನ್ನಿಸಲಿಲ್ಲ. ಅವರು ಓದಿದ್ದಾರೆ, ಬರೆದಿದ್ದಾರೆ, ಕೌನ್ಸೆಲ್‌ಗೆ ಕೊಟ್ಟಿದ್ದಾರೆ. ಮಾಡಿದ ಕೆಲಸಕ್ಕೆ ಕೂಲಿ ಕೊಡಲೇಬೇಕು.

ಎರಡನೇ ವಕೀಲರು ಮತ್ತು ಫಲಿತಾಂಶ

ಠಾಣೆಯ ಒಬ್ಬ ವಕೀಲೆ ಸಿಕ್ಕರು. ಮೊದಲ ಭೇಟಿಯಲ್ಲೇ ಅವರು ಕೇಳಿದ್ದು, "ಮಸ್ಕತ್‌ನಲ್ಲಿರುವವರು ರಜೆಗೆ ಊರಿಗೆ ಯಾವಾಗ ಬರ್ತಾರೆ?" ಮಸ್ಕತ್‌ನಿಂದ ಪವರ್ ಆಫ್ ಅಟಾರ್ನಿ ಅಂದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಸಹಿ, ಇಲ್ಲಿ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್, ಎಲ್ಲ ಖರ್ಚೇ. ಅವನು ಮೇನಲ್ಲಿ ಬರುವವನಿದ್ದ. ಕಾಯೋಣ ಅಂದರು. 20,000 ಕೊಟ್ಟು ಬರೆಸಿದ್ದ ಕರಡು ಹಾಗೇ ಉಳಿಯಿತು.

ಫೀ ಅವರು ಕೆಲಸಕ್ಕೆ ಇಷ್ಟು ಅಂತ ಹೇಳಿದರು. ಒಂದೊಂದು ರಿಲೀಸ್ ಡೀಡ್‌ಗೆ 25,000, ಕರಡು ಬರೆಯುವುದರಿಂದ ಹಿಡಿದು ಉಪನೋಂದಣಿ ಕಚೇರಿಯಲ್ಲಿ ಜೊತೆಗೆ ನಿಲ್ಲುವ ತನಕ. ಷೇರು ಮತ್ತು ಬ್ಯಾಂಕಿನ ಅಫಿಡವಿಟ್‌ಗಳಿಗೆ 10,000. ಎರಡೂ ಸೊಸೈಟಿಯ ಕಾಗದಕ್ಕೆ 10,000. ಒಟ್ಟು 70,000, ಮೂರು ಕಂತು, ಪ್ರತಿ ಕಂತೂ ಒಂದು ಕೆಲಸ ಮುಗಿದ ಮೇಲೆ. ಕೈಖರ್ಚು ರಸೀದಿ ತೋರಿಸಿ. ಯಾರಾದರೂ ತಕರಾರು ತೆಗೆದು ಕೋರ್ಟಿಗೆ ಹೋಗಬೇಕಾದರೆ ಈ ಫೀ ಅದಕ್ಕೆ ಅನ್ವಯಿಸದು, ಆಗ ಹೊಸ ಮಾತು. ನಾಲ್ವರಿಗೂ ಸೇರಿ ಪತ್ರ ತಯಾರಿಸುತ್ತೇನೆ, ಜಗಳ ಬಂದರೆ ಯಾರ ಪರವೂ ನಿಲ್ಲುವುದಿಲ್ಲ ಅನ್ನುವುದನ್ನೂ ಬರೆದು ಕೊಟ್ಟರು. ಅಕ್ಕನಿಗೆ ಬೇಕಾಗಿದ್ದದ್ದು ಆ ಸಾಲು.

ಮೇನಲ್ಲಿ ಎರಡೂ ಡೀಡ್ ನೋಂದಣಿ ಆದವು. ಕೈಖರ್ಚು 14,000 ಆಯಿತು, ಅದರಲ್ಲಿ ದಾಖಲೆಯ ಪುಟಕ್ಕೆ 20 ರೂಪಾಯಿಯ ಶುಲ್ಕವೂ ಸೇರಿದೆ. ಮುಲುಂಡ್ ಸೊಸೈಟಿಯ ಕಾರ್ಯದರ್ಶಿ 25,000 ಟ್ರಾನ್ಸ್‌ಫರ್ ಪ್ರೀಮಿಯಂ ಕೇಳಿದರು. ವಾರಸುದಾರರಿಗೆ ವರ್ಗಾವಣೆ ಆಗುವಾಗ ಪ್ರೀಮಿಯಂ ಕೇಳುವಂತಿಲ್ಲ ಅಂತ ಮಾದರಿ ಬೈಲಾದ ಪುಟ ತೋರಿಸಿದ ಮೇಲೆ 500 ರೂಪಾಯಿ ವರ್ಗಾವಣೆ ಶುಲ್ಕಕ್ಕೆ ಇಳಿದರು.

ಒಟ್ಟು ಖರ್ಚು ಸುಮಾರು 2,37,000. ಅದರಲ್ಲಿ ಒಂದೂವರೆ ಲಕ್ಷ ಮೊದಲ ಕಚೇರಿಯದ್ದು, ಹೆಚ್ಚಿನ ಪಾಲು ಕೆಲಸಕ್ಕೆ ಬಾರದೆ ಹೋದದ್ದು. ಅದನ್ನು ಗಂಡು ಮಕ್ಕಳಿಬ್ಬರು ಹಂಚಿಕೊಂಡರು. ಉಳಿದದ್ದರಲ್ಲಿ ಅಕ್ಕನೂ ತನ್ನ ಪಾಲು ಕೊಟ್ಟಳು. ಅಕ್ಕ ತಮ್ಮ ಮಾತಾಡುತ್ತಾರೆ, ಆದರೆ ಮೊದಲಿನಷ್ಟಿಲ್ಲ.

ಈಗ ಯಾರಾದರೂ ವಕೀಲರ ಫೀ ಜಾಸ್ತಿಯಾಯ್ತಾ ಅಂತ ಕೇಳಿದರೆ ನಾನು ಮೊತ್ತ ಕೇಳುವುದೇ ಇಲ್ಲ. ಯಾವ ಆಸ್ತಿಗೆ ಯಾವ ಕಾಗದ ಅಂತ ಪಟ್ಟಿ ಮಾಡಿದ್ದೀರಾ, ಆ ಫೀಯಲ್ಲಿ ಯಾವ ಕೆಲಸ ಒಳಗೆ, ಯಾವುದು ಹೊರಗೆ, ವಕಾಲತ್ತಿಗೆ ಸಹಿ ಯಾರದ್ದು, ಇಷ್ಟು ಕೇಳುತ್ತೇನೆ. ಹೆಚ್ಚಿನವರ ಹತ್ತಿರ ಮೊದಲ ಪಟ್ಟಿಯೇ ಇರುವುದಿಲ್ಲ. ವಿಲ್ ಇರುವ ಮನೆಗಳಲ್ಲಿ ಇನ್ನೊಂದು ಮಾತು. ಮುಂಬೈಯಲ್ಲಿ ಬರೆದ ವಿಲ್, ಮುಂಬೈಯ ಸ್ಥಿರಾಸ್ತಿ ಅಂದರೆ ಪ್ರೊಬೇಟ್ (ವಿಲ್ ಸರಿಯಿದೆ ಅಂತ ಕೋರ್ಟ್ ಕೊಡುವ ದೃಢೀಕರಣ) ಕಡ್ಡಾಯ ಅಂತ ಹಿಂದಿನಿಂದ ಕೇಳಿದ್ದೇವೆ. ಅದಕ್ಕೆ ಆಧಾರವಾಗಿದ್ದ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದೆ. ಹಳೇ ರೂಢಿಯಲ್ಲೇ ಯಾರಾದರೂ ಪ್ರೊಬೇಟ್ ಬೇಕೇ ಬೇಕು ಅಂದರೆ, ಏಕೆ ಅಂತ ಕೇಳಿ. ಕಾರಣ ಇರಬಹುದು, ವಿಲ್ ಬಗ್ಗೆ ತಕರಾರು ಬರುವ ಸೂಚನೆ ಇದ್ದರೆ ಪ್ರೊಬೇಟ್ ಮಾಡಿಸುವುದೇ ಒಳ್ಳೆಯದು. ಆದರೆ ಕಾರಣ ಹೇಳಲಿ.

ಕಪಾಟಿನ ಕಾಗದದ ಷೇರುಗಳ ಕತೆ ಇನ್ನೂ ಮುಗಿದಿಲ್ಲ. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದ ಷೇರುಗಳನ್ನು ಕಂಪನಿಗಳು ಸರ್ಕಾರದ ಹೂಡಿಕೆದಾರರ ನಿಧಿಗೆ, ಐಇಪಿಎಫ್‌ಗೆ, ವರ್ಗಾಯಿಸಬೇಕು. ಇವರ ಷೇರುಗಳೂ ಅಲ್ಲಿಗೇ ಹೋಗಿದ್ದವು. ಬಿಡಿಸಿಕೊಡುತ್ತೇವೆ ಅಂತ ಒಬ್ಬ ಏಜೆಂಟ್ ಬಂದ, 20 ಪರ್ಸೆಂಟ್ ಕೇಳಿದ. ದೊಡ್ಡ ಮಗ ಅವನಿಗೆ ಟೀ ಕೊಟ್ಟು ಕಳಿಸಿದ. ಐಇಪಿಎಫ್-5 ಫಾರಂ ತುಂಬಲು ಸರ್ಕಾರಕ್ಕೆ ಯಾವ ಫೀಯೂ ಇಲ್ಲ. ಅಕ್ಕನೇ ಪುಣೆಯಲ್ಲಿ ಕೂತು ತುಂಬಿಸಿದ್ದಾಳೆ. ಎರಡು ಕಂಪನಿಗಳಲ್ಲಿ ತಂದೆಯ ಹೆಸರಿನ ಸ್ಪೆಲ್ಲಿಂಗ್ ಬೇರೆ ಬೇರೆ ಇದೆ, ಅದಕ್ಕೆ ಅಫಿಡವಿಟ್ ಕೇಳಿದ್ದಾರೆ. ಅದಕ್ಕೆ ಮಾತ್ರ ಠಾಣೆಯ ವಕೀಲೆಗೆ 1,500 ಕೊಟ್ಟರು.